ಹುಳ ಮೇಯುವ ಸದ್ದಿಗೆ ಇಂಗ್ಲಿಷಿನಲ್ಲಿ ಏನಂತಾರೆ?

ನಮ್ಮ ಸೋದರಮಾವನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಇಂಗ್ಲಿಷರಿಗೂ ಬಾರದ ಇಂಗ್ಲಿಷ್ ಬರುತ್ತದೆ!

ಇದನ್ನು ನಾನು ಅಭಿಮಾನದಿಂದ ಹೇಳುತ್ತಿಲ್ಲ, ಅನುಭವಿಸಿ ಹೇಳುತ್ತಿದ್ದೇನೆ. ಒಮ್ಮೆ ಯಳಂದೂರಿನ ಟೀ ಅಂಗಡಿಯ ಮುಂದೆ ನಾವಿಬ್ಬರೂ ನಿಂತಿದ್ದೆವು. ಬೆಟ್ಟಕ್ಕೆ ಹೊರಟಿದ್ದ ದೊಡ್ಡ ಕಾರೊಂದು ಪಕ್ಕಕ್ಕೆ ಬಂದು ನಿಂತಿತು. ಗಾಜು ಇಳಿಯಿತು. ಕಪ್ಪು ಕನ್ನಡಕದ ಹೆಂಗಸೊಬ್ಬರು ಚೆಂದದ ಇಂಗ್ಲಿಷಿನಲ್ಲಿ, ಕಾಡಿನ ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತಾರೆ ಎಂದು ಕೇಳಿದರು. ನಾನು 'ಸಿಕ್ಸ್' ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಮಾವ ಮುಂದೆ ಬಂದು, ಬಲು ಗಂಭೀರವಾಗಿ, "ಕಾಕ್‌ಷಟ್" ಎಂದ. ಆಕೆ "ವಾಟ್?" ಎಂದರು. ಮಾವ ಬೆಟ್ಟದ ಕಡೆ ಕೈ ತೋರಿಸಿ, ಇನ್ನೂ ಗಟ್ಟಿಯಾಗಿ, "ಕಾಕ್‌ಷಟ್! ಕಾಕ್‌ಷಟ್!" ಎಂದ. ಗಾಜು ಸರ್ರನೆ ಮೇಲೇರಿತು. ಕಾರು ಹೋದ ವೇಗ ನೋಡಿದರೆ ಗೇಟು ಇನ್ನೇನು ಆ ಕ್ಷಣವೇ ಮುಚ್ಚುತ್ತಿದೆ ಎಂದುಕೊಳ್ಳಬೇಕು!

"ಏನ್ ಮಾವ ಅದು?" ಎಂದೆ.

"ಕೋಳಿ ಗೂಡ್ ಸೇರೋ ಒತ್ತು ಕಣ್ಲಾ. ಮುಸ್ಸಂಜೆ. ಅವ್ರ ಮುತ್ತಜ್ಜಂದಿರು ಅಂಗೇ ಅಂತಿದ್ದುದ್ದು," ಎಂದು ಮಾವ ಕಾರು ಹೋದ ದಾರಿಯನ್ನೇ ಕನಿಕರದಿಂದ ನೋಡಿದ. "ಪಾಪ, ಆಯಮ್ಮಂಗೆ ಇಂಗ್ಲಿಷ್ ಬರಲ್ಲ ಅಂತ ಕಾಣ್ತದೆ."

ಮಾವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಕೊಳ್ಳೇಗಾಲ, ಯಳಂದೂರು, ಹನೂರು ಎಂದು ಆಯುಸ್ಸಿನ ಅರ್ಧವನ್ನು ಈ ಮೂರು ಊರುಗಳ ನಡುವೆ ಓಲಾಡುತ್ತ ನಿಂತೇ ಕಳೆದ. ಈಗ ರಿಟೈರಾಗಿ ಯಳಂದೂರಿನ ಪಕ್ಕದ ಹಳ್ಳಿಯಲ್ಲಿ ಕೂತಿದ್ದಾನೆ. ಮನೆಯ ಹಿಂದೆ ಹಿಪ್ಪುನೇರಳೆ ತೋಟ. ತೋಟಕ್ಕೂ ಮನೆಗೂ ನಡುವೆ ಒಂದು ಉದ್ದನೆಯ ಹೆಂಚಿನ ಕೋಣೆ, ಅದೇ ಹುಳದ ಮನೆ. ಅಲ್ಲಿ ಅತ್ತೆ ರೇಷ್ಮೆ ಹುಳ ಸಾಕುತ್ತಾಳೆ, ಇಲ್ಲಿ ಜಗಲಿಯ ಮೇಲೆ ಮಾವ ಪದ ಸಾಕುತ್ತಾನೆ. ಇಬ್ಬರಲ್ಲಿ ಯಾರ ಸಾಕಣೆ ಉಪಯೋಗದ್ದು ಎಂದು ಕೇಳಿ ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ. ನಾನು ಆ ಮನೆಯ ಮುದ್ದೆ ಉಂಡವನು.

ಈ ಹುಚ್ಚು ಹತ್ತಿದ್ದು ಬಸ್ಸಿನಲ್ಲೇ. ಮೂವತ್ತು ವರ್ಷದ ಹಿಂದಿನ ಮಾತು. ಯಾರೋ ಪ್ರಯಾಣಿಕರು ಸೀಟಿನ ಕೆಳಗೆ ಒಂದು ಬಟ್ಟೆಯ ಚೀಲ ಬಿಟ್ಟು ಇಳಿದುಹೋಗಿದ್ದರು. ಅದರೊಳಗೆ ಇದ್ದದ್ದು ಒಂದೇ ವಸ್ತು, ರಟ್ಟು ಕಿತ್ತುಹೋದ, ಅಕ್ಕಿಮೂಟೆಯಷ್ಟು ಭಾರದ ಹಳೆಯ ಇಂಗ್ಲಿಷ್ ನಿಘಂಟು. ಮಾವ ಅದನ್ನು ಡಿಪೋಗೆ ಒಪ್ಪಿಸಿದ. ಡಿಪೋದವರು, ಕೊಡೆ, ಟಿಫನ್ ಕ್ಯಾರಿಯರ್, ಹಲ್ಲಿನ ಸೆಟ್ಟು ಎಲ್ಲವನ್ನೂ ಹುಡುಕಿಕೊಂಡು ಜನ ಬರುವುದನ್ನು ಕಂಡಿದ್ದವರು, ಇದಕ್ಕೆ ಮಾತ್ರ ಯಾರೂ ಬರುವುದಿಲ್ಲ ಎಂದು ಖಚಿತವಾಗಿ ನಂಬಿ ಮಾವನಿಗೇ ಹಿಂದಕ್ಕೆ ಕೊಟ್ಟರು. ಆದರೂ ಮಾವ ಆರು ತಿಂಗಳು ಅದನ್ನು ಬಸ್ಸಿನಲ್ಲಿ ಹೊತ್ತು ತಿರುಗಿದ. ಕನ್ನಡಕ ಹಾಕಿಕೊಂಡವರು ಯಾರು ಹತ್ತಿದರೂ, "ಸಾ, ತಮ್ದಾ ಇದು?" ಎಂದು ಕೇಳುತ್ತಿದ್ದ. ಕನ್ನಡಕ ಹಾಕಿಕೊಂಡವರೆಲ್ಲ ಗಾಬರಿಯಿಂದ ಅಲ್ಲವೆನ್ನುತ್ತಿದ್ದರು.

ಕೊನೆಗೆ ಪುಸ್ತಕವನ್ನು ಮನೆಗೆ ತಂದ. ತಂದ ದಿನ ಸಂಜೆ ಅತ್ತೆ ಹುಳಗಳಿಗೆ ಸೊಪ್ಪು ಹಾಕುತ್ತಿದ್ದಳಂತೆ. ಹೊಸದಾಗಿ ಮದುವೆಯಾದ ಕಾಲ. ಮಾವ ಹುಳದ ಮನೆಯ ಬಾಗಿಲಲ್ಲಿ ನಿಂತು, "ಪರ್ಪಂಚದಲ್ಲಿ ಏನೇನದೋ ಅಷ್ಟುಕ್ಕೂ ಇದ್ರಲ್ಲಿ ಎಸ್ರದೆ," ಎಂದು ಜಂಬ ಕೊಚ್ಚಿದ.

ನಿಮಗೆ ಹುಳ ಸಾಕಿದ ಅನುಭವ ಇದೆಯೋ ಇಲ್ಲವೋ. ರೇಷ್ಮೆ ಹುಳ ನಾಲ್ಕು ಸಲ ಮೇವು ಬಿಟ್ಟು ಮಲಗುತ್ತದೆ, ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಬಿಟ್ಟು ಎದ್ದ ಮೇಲೆ ಅವಕ್ಕೆ ಬರುವ ಹಸಿವಿದೆಯಲ್ಲ, ಅದು ಹಸಿವು! ಹುಳಗಳಿರುವ ಬಿದಿರಿನ ತಟ್ಟೆಗಳ ಮೇಲೆ ಸೊಪ್ಪು ಹರಡಿದ್ದೇ ತಡ, ಸಾವಿರಾರು ಬಾಯಿ ಒಟ್ಟಿಗೆ ಕೆಲಸ ಶುರು ಮಾಡುತ್ತವೆ. ಆಗ ಕೋಣೆಯೊಳಗೆ ಒಂದು ಸದ್ದು ಏಳುತ್ತದೆ. ಹೊರಗೆ ಬಿಸಿಲಿರುತ್ತದೆ, ಒಳಗೆ ತುಂತುರು ಹನಿಯುತ್ತಿದೆ ಅನ್ನಿಸುತ್ತದೆ. ಕೇಳುತ್ತ ನಿಂತರೆ ಕಣ್ಣು ತಾನಾಗಿ ಮುಚ್ಚುತ್ತದೆ, ಬಂದ ಕೆಲಸ ಮರೆತುಹೋಗುತ್ತದೆ. ನಾನಂತೂ ಚಿಕ್ಕಂದಿನಲ್ಲಿ ಆ ಬಾಗಿಲಿಗೆ ಒರಗಿ ನಿಂತಲ್ಲೇ ನಿದ್ದೆ ಹೋದದ್ದಿದೆ.

ಅತ್ತೆ ಆ ಸದ್ದಿನ ಕಡೆ ಬೆರಳು ತೋರಿಸಿ, "ಇದುಕ್ಕೇನಂತಾರೆ?" ಎಂದು ಕೇಳಿದಳು.

ಮಾವ ಪುಸ್ತಕ ನೋಡಿದ, ಹುಳ ನೋಡಿದ, ಹೆಂಡತಿಯ ಮುಖ ನೋಡಿದ. "ನಾಳೆ ಏಳ್ತೀನಿ," ಎಂದ.

ಆ ನಾಳೆ ಇನ್ನೂ ಬಂದಿಲ್ಲ!

ಹೆಂಡತಿ ಕೇಳಿದ ಸೀರೆಯನ್ನೇ ತಂದುಕೊಡದೆ ಮೂವತ್ತು ವರ್ಷ ತಳ್ಳುವ ಗಂಡಂದಿರಿದ್ದಾರೆ. ನಮ್ಮ ಮಾವ ಹೆಂಡತಿ ಕೇಳಿದ ಒಂದು ಪದಕ್ಕಾಗಿ ಮೂವತ್ತು ವರ್ಷ ಹುಡುಕಿದ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು, ಟ್ರಿಪ್ಪಿಗೂ ಟ್ರಿಪ್ಪಿಗೂ ನಡುವೆ, ಒಂದೊಂದೇ ಸಾಲು ಬೆರಳಿಟ್ಟು ಓದಿದ. ಅವನ ಇಂಗ್ಲಿಷ್ ಎಸ್ಸೆಸ್ಸೆಲ್ಸಿಯದು, ಅದೂ ಎರಡನೆಯ ಪ್ರಯತ್ನದ್ದು. ಅರ್ಥವಾಗದ್ದನ್ನು ಕಾಲೇಜಿನ ಹುಡುಗಿಯರನ್ನು ಕೇಳುತ್ತಿದ್ದ, ವಕೀಲರನ್ನು ಕೇಳುತ್ತಿದ್ದ. ಬೇಕಾದ ಪದ ಸಿಗಲಿಲ್ಲ. ಬೇಡದ ಪದಗಳು, ಅಂದರೆ ಇಂಗ್ಲಿಷರೇ ಬೇಡವೆಂದು ಬಿಟ್ಟವು, ದಾರಿಯುದ್ದಕ್ಕೂ ಸಿಕ್ಕವು. ಅವನ್ನು ಬಿಟ್ಟು ಬರಲು ಅವನಿಗೆ ಮನಸ್ಸಾಗಲಿಲ್ಲ. ಚೀಟಿಗಳಲ್ಲಿ ಬರೆದು ಕಂಡಕ್ಟರ್ ಬ್ಯಾಗಿಗೆ ಹಾಕಿಕೊಂಡ.

ಹಾಗೆ ಸಿಕ್ಕ ಮೊದಲ ಪದಗಳಲ್ಲೊಂದು ನನಗೆ ಅಂಟಿತು. ನಾನಾಗ ಮಾವನ ಮನೆಯಲ್ಲಿದ್ದುಕೊಂಡು ಶಾಲೆಗೆ ಹೋಗುತ್ತಿದ್ದೆ. ಮಾವ ಡ್ಯೂಟಿಯಿಂದ ಬಂದು ಉಣ್ಣಲು ಕೂತರೆ, ನನ್ನದು ಊಟ ಆಗಿದ್ದರೂ, ಎದುರಿನ ಕಂಬಕ್ಕೆ ಒರಗಿ ಅವನ ತಟ್ಟೆಯನ್ನೇ ನೋಡುತ್ತ ನಿಲ್ಲುತ್ತಿದ್ದೆ. ಒಂದು ದಿನ ಮಾವ ತುತ್ತನ್ನು ಅರ್ಧಕ್ಕೇ ನಿಲ್ಲಿಸಿ, "ಲೇ, ಗ್ರೋಕ್ ಮಾಡಬ್ಯಾಡ ಕಣ್ಲಾ!" ಎಂದ. ಗ್ರೋಕ್ ಎಂದರೆ, ಉಣ್ಣುತ್ತಿರುವವರನ್ನು, ನಮ್ಮನ್ನೂ ಕರೆದಾರು ಎಂಬ ಆಸೆಯಿಂದ, ಬಾಯಿ ಬಿಡದೆ ನೋಡುತ್ತ ನಿಲ್ಲುವುದು. ಇಷ್ಟು ಉದ್ದದ ನಾಚಿಕೆಗೆ ಇಷ್ಟು ಚಿಕ್ಕ ಪದ! ಅತ್ತೆ ನಗುತ್ತ ನನಗೊಂದು ತುತ್ತು ಕೊಟ್ಟಳು. ಅಂದಿನಿಂದ ನಾನು ಆ ಮನೆಯ ಗ್ರೋಕ್.

ಮಾವನನ್ನು ಎಲ್ಲಕ್ಕಿಂತ ಕಂಗೆಡಿಸಿದ ಪದ 'ಓವರ್‌ಮಾರೋ'. ಅಂದರೆ ನಾಡಿದ್ದು. ಈ ಪದವನ್ನು ಇಂಗ್ಲಿಷರು ಕೈಬಿಟ್ಟು, ಈಗ 'ನಾಳೆಯ ಆಚೆಯ ದಿನ' ಎಂದು ಸುತ್ತಿ ಬಳಸಿ ಹೇಳುತ್ತಾರೆಂದು ತಿಳಿದಾಗ ಅವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

"ನಾಡಿದ್ದುನ್ನೇ ಕಳ್ಕಂಡವ್ರಲ್ಲೋ! ನಾಡಿದ್ದು ಇಲ್ದೆ ಎಂಗ್ಲಾ ಬದುಕ್ತಾರೆ? ನೆಂಟ್ರು ಬತ್ತೀನಿ ಅಂದ್ರೆ ಯಾವತ್ತು ಅಂತಾರೆ? ದರ್ಜಿ ಬಟ್ಟೆ ಕೊಡೋದು ಯಾವತ್ತು?"

ಯೋಚಿಸಿದರೆ ನನಗೂ ಗಾಬರಿಯಾಯಿತು. ನಾಡಿದ್ದು ಎಂಬುದು ಇಲ್ಲದಿದ್ದರೆ ಕೊಳ್ಳೇಗಾಲದಲ್ಲಿ ಒಬ್ಬನಾದರೂ ದರ್ಜಿ ಅಂಗಡಿ ತೆರೆಯಲು ಸಾಧ್ಯವಿತ್ತೆ?

ಮುಂದೆ ನಾನು ಓದು ಮುಗಿಸಿ, ಅಥವಾ ಓದು ನನ್ನನ್ನು ಮುಗಿಸಿ, ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಬಳಿ ಜೆರಾಕ್ಸ್ ಅಂಗಡಿ ಇಟ್ಟೆ. ಫ್ಲೆಕ್ಸ್ ವಿನ್ಯಾಸ, ಅರ್ಜಿ, ಲಗ್ನಪತ್ರಿಕೆ ಎಲ್ಲ ಮಾಡಿಕೊಡುತ್ತೇನೆ. ಮಾವನಿಗೆ ಇದು ಬಹಳ ಅನುಕೂಲವಾಯಿತು. ವಾರಕ್ಕೊಮ್ಮೆ ಬಂದು ಪದಗಳನ್ನು ಟೈಪು ಮಾಡಿಸುವುದು, ಚೀಟಿಗಳಾಗಿ ಕತ್ತರಿಸಿಕೊಳ್ಳುವುದು, ಹೋಗುವಾಗ ನನ್ನ ಗಲ್ಲಾಪೆಟ್ಟಿಗೆಯ ಮೇಲೆ ಒಂದು ಚೀಟಿ ಅಂಟಿಸಿ ಹೋಗುವುದು. ಒಂದು ಸಲ ಅಂಟಿಸಿದ್ದು 'ಫಜಲ್'. ಏನೂ ಮಾಡದೆ, ಕೆಲಸ ಮಾಡುತ್ತಿರುವವರ ಹಾಗೆ ಕಾಣಿಸಿಕೊಳ್ಳುವುದು ಎಂದು ಅರ್ಥ. ಬಂದ ಗಿರಾಕಿಗಳೆಲ್ಲ ಅದೇನೋ ಹೊಸ ಕಂಪನಿಯ ಹೆಸರೆಂದು ತಿಳಿದು, "ನಿಮ್ತಾವ ಫಜಲ್ ಅದಾ?" ಎಂದು ಕೇಳತೊಡಗಿದರು. ಇದೆ, ಯಥೇಚ್ಛವಾಗಿ ಇದೆ!

ಇನ್ನೊಂದು ಸಲ ಮಾವ ತಮ್ಮೂರಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ಒಬ್ಬ ಮುಖಂಡನನ್ನು ಎಲ್ಲರೆದುರಿಗೆ 'ಕ್ವಾಕರ್‌ವಾಜರ್' ಎಂದು ಕರೆದ. ಬೇರೆಯವರು ದಾರ ಎಳೆದಂತೆ ಕುಣಿಯುವ ಮರದ ಬೊಂಬೆಗೆ ಹಾಗೆನ್ನುತ್ತಾರೆ. ಆತ ಕೋಪಿಸಿಕೊಂಡಾನೆಂದು ನಾನು ಹೆದರಿದ್ದೆ. ಆತ ಮರುದಿನವೇ ನನ್ನ ಅಂಗಡಿಗೆ ಬಂದ. ಬಂದು, ತನ್ನ ಹುಟ್ಟುಹಬ್ಬದ ಫ್ಲೆಕ್ಸಿಗೆ ಹತ್ತು ಭಾವಚಿತ್ರ ಕೊಟ್ಟು, "ಎಸ್ರಿನ ಮುಂದ್ಗಡೆ ಅದೇನೋ ದೊಡ್ಡ ಬಿರುದು ಕೊಟ್ರಲ್ಲ ನಿಮ್ ಮಾವೋರು, ಅದುನ್ನ ಕೆಂಪಕ್ಷರದಲ್ಲಿ ಆಕಿ," ಎಂದ. ನನಗೆ ಧರ್ಮಸಂಕಟ. ಹಾಕಿದರೆ ಪಾಪ, ಹಾಕದಿದ್ದರೆ ಗಿರಾಕಿ ಕೈತಪ್ಪುತ್ತದೆ. ಹಾಕಿದೆ. ಆ ಫ್ಲೆಕ್ಸು ಯಳಂದೂರಿನ ದಾರಿಯಲ್ಲಿ ಎರಡು ತಿಂಗಳು ಗಾಳಿಗೆ ಅಲ್ಲಾಡಿಕೊಂಡು ಮೆರೆಯಿತು.

ಇಷ್ಟೆಲ್ಲ ಪದ ಸಿಕ್ಕ ಮನುಷ್ಯನಿಗೆ ಹುಡುಕಿದ ಒಂದೇ ಪದ ಯಾಕೆ ಸಿಗಲಿಲ್ಲ? ಮಾವನ ಬಳಿ ಅದಕ್ಕೆ ಉತ್ತರವಿತ್ತು. ಆ ಪುಸ್ತಕ ಮನೆಗೆ ಬಂದ ಕೆಲವೇ ತಿಂಗಳಿಗೆ ಅತ್ತೆ ಹೊಸ ಬೆಳೆಗೆ ಮರಿಹುಳಗಳನ್ನು ತಂದಿದ್ದಳು. ಮರಿಹುಳದ ಪಿಚ್ಕೆ, ಅಂದರೆ ಹಿಕ್ಕೆ, ಬೀಳಲು ತಟ್ಟೆಯಲ್ಲಿ ಕಾಗದ ಹಾಸಬೇಕು. ಅವತ್ತು ಮನೆಯಲ್ಲಿ ಹಳೆಯ ಪೇಪರ್ ಇರಲಿಲ್ಲ. ಅತ್ತೆ ಸುತ್ತ ನೋಡಿದಳು. ಜಗಲಿಯ ಮೇಲೆ ಮಾಲೀಕರೇ ಬಿಟ್ಟುಹೋದ, ರಟ್ಟಿಲ್ಲದ, ಗಂಡ ಬೈಗು ಬೆಳಗು ಗುಣುಗುಣು ಓದುವ ಪುಸ್ತಕವೊಂದು ಬಿದ್ದಿತ್ತು. ಇಷ್ಟು ದಪ್ಪದ್ದರಲ್ಲಿ ಇಪ್ಪತ್ತು ಹಾಳೆ ಹೋದರೆ ಯಾರಿಗೆ ತಿಳಿಯುತ್ತದೆ ಎಂದು ನಡುವಿನಿಂದ ಕಿತ್ತು ತಟ್ಟೆಗೆ ಹಾಸಿದಳು.

ಮಾವನಿಗೆ ಸಂಜೆಯೊಳಗೆ ತಿಳಿಯಿತು. ಹೋಗಿದ್ದು ಎಸ್ ಅಕ್ಷರದ ಹಾಳೆಗಳು. ಅವನು ಬೈಯಲಿಲ್ಲ. ಬೆರಳು ಮಡಿಸಿ ಲೆಕ್ಕ ಹಾಕಿದ: "ಸಿಲ್ಕು ಎಸ್ಸು. ಸಿಲ್ಕ್‌ವರ್ಮು ಎಸ್ಸು. ಸೌಂಡೂ ಎಸ್ಸೇ. ಅಂದ್ಮೇಲೆ ನೀ ಕೇಳಿದ್ ಪದ ಅಲ್ಲೇ ಇದ್ದದ್ದು. ನಿನ್ ಉಳಗಳು ತಮ್ ಎಸ್ರುನ್ನ ತಾವೇ ತಿಂದಾಕ್ಬುಟ್ಟವೆ ಕಣಮ್ಮಿ!"

ಅಂದಿನಿಂದ ಪ್ರತಿ ಬೆಳೆಗೂ ಈ ಮಾತು ತಪ್ಪದೆ ಬರುತ್ತಿತ್ತು. ಗೂಡು ಚೆನ್ನಾಗಿ ಬಂದರೆ, "ಇಂಗ್ಲಿಷ್ ತಿಂದ್ ಬೆಳೆದ ವಂಸ, ಬರದೆ ಇದ್ದದಾ?" ಎನ್ನುವನು. ನಾವೆಲ್ಲ ನಗುತ್ತಿದ್ದೆವು. ಅತ್ತೆಯೂ ನಗುತ್ತಿದ್ದಳು, ಆದರೆ ಬೇಗ ನಿಲ್ಲಿಸಿ ಒಳಗೆ ಹೋಗುತ್ತಿದ್ದಳು. ನಾನು ಅದನ್ನು ಕೆಲಸದ ಆತುರ ಎಂದುಕೊಂಡಿದ್ದೆ.

ಇನ್ನು ಮಾವ ಇಡುವ ಎಡೆಯ ವಿಚಾರ. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ನಮ್ಮಲ್ಲಿ ಹಿರಿಯರ ಹಬ್ಬ. ತೀರಿಕೊಂಡವರಿಗೆ ನಡುಮನೆಯಲ್ಲಿ ಬಾಳೆಲೆ ಹಾಕಿ, ಹೊಸ ಬಟ್ಟೆ ಇಟ್ಟು, ಅವರವರಿಗೆ ಇಷ್ಟವಾದದ್ದೆಲ್ಲ ಬಡಿಸಿ, ಸಾಂಬ್ರಾಣಿ ಹಾಕಿ, ಬಾಗಿಲು ಮುಚ್ಚಿ ಹೊರಗೆ ಬರುತ್ತೇವೆ. ಹಿರಿಯರು ಬಂದು ಉಂಡುಹೋಗುವವರೆಗೆ ಯಾರೂ ಮಾತಾಡುವಂತಿಲ್ಲ. ಸಾಲಿನ ಕೊನೆಯಲ್ಲಿ ಇನ್ನೊಂದು ಎಲೆ. ನಮಗೆ ಹೆಸರು ಗೊತ್ತಿಲ್ಲದ ಹಿರಿಯರಿರುತ್ತಾರಲ್ಲ, ಅವರಿಗೆ.

ಹತ್ತಿಪ್ಪತ್ತು ವರ್ಷದ ಹಿಂದೆ ಮಾವ ಆ ಸಾಲಿಗೆ ಇನ್ನೂ ಒಂದು ಎಲೆ ಸೇರಿಸಿದ. ಅದರ ಮೇಲೆ ಚೀಟಿಗಳು! "ಆಡೋರಿಲ್ದೆ ಸತ್ತೋದೋವು. ಅವುಕ್ಕೆ ಮಕ್ಕಳಿಲ್ಲ ಮರಿ ಇಲ್ಲ. ವರ್ಸಕ್ಕೊಂದಪ ನಾವಾದ್ರೂ ಎಸ್ರಿಡ್ದು ಕೂಗ್ಬ್ಯಾಡ್ವಾ?" ಎಂದು ಅವನ ವಾದ. ಬಾಗಿಲು ಮುಚ್ಚುವ ಮೊದಲು ಒಂದೊಂದೇ ಚೀಟಿ ಎತ್ತಿ ಓದುವನು: ಗ್ರೋಕ್, ಫಜಲ್, ಕಾಕ್‌ಷಟ್, ಓವರ್‌ಮಾರೋ... ಸಾಂಬ್ರಾಣಿಯ ಹೊಗೆಯಲ್ಲಿ ಅವು ನಿಜಕ್ಕೂ ಯಾರದೋ ತಾತ ಅಜ್ಜಿಯರ ಹೆಸರಿನಂತೆ ಕೇಳಿಸುತ್ತಿದ್ದವು. ಬೀದಿಯವರಿಗೆ ಮಾತ್ರ ಇದು ಬೇರೆಯಾಗಿ ಕೇಳಿಸಿತು. ಮಾವ ಮಂತ್ರ ಕಲಿತಿದ್ದಾನೆಂದು ಸುದ್ದಿಯಾಗಿ, ಪಕ್ಕದೂರಿನವರೊಬ್ಬರು ಹಾಲು ಕೊಡದ ಹಸುವನ್ನು ಹಿಡಿದುಕೊಂಡು ಬಂದರು. ಮಾವ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಹಸುವಿನ ಕಿವಿಯಲ್ಲಿ 'ಏಪ್ರಿಸಿಟಿ' ಎಂದು ಮೂರು ಸಲ ಹೇಳಿ ಕಳಿಸಿದ. ಚಳಿಗಾಲದ ಎಳೆಬಿಸಿಲಿನ ಹಿತ ಎಂದು ಅದರ ಅರ್ಥ. ಮರುದಿನ ಹಸು ಹಾಲು ಕೊಟ್ಟಿತಂತೆ! ಯಾರಾದರೂ ಕಿವಿಯಲ್ಲಿ ಅಂಥ ಮಾತು ಹೇಳಿದರೆ ನಾನೂ ಕೊಡುತ್ತಿದ್ದೆನೇನೋ.

ಅತ್ತೆ ಈ ಎಡೆಯನ್ನು ವಿರೋಧಿಸಲಿಲ್ಲ. "ಬಿಳಿಯೋರ್ ಪದಕ್ಕೆ ಮುದ್ದೆ ಸೇರ್ತದಾ?" ಎಂದು ರೇಗಿಸುತ್ತಿದ್ದಳು, ಅಷ್ಟೇ. ರೇಗಿಸುತ್ತಲೇ ಆ ಎಲೆಗೆ ಎಲ್ಲರಿಗಿಂತ ಒಂದು ಕಜ್ಜಾಯ ಹೆಚ್ಚು ಬಡಿಸುತ್ತಿದ್ದಳು.

ಕಳೆದ ವರ್ಷ ಅತ್ತೆಗೆ ಕಿವಿ ಮಂದವಾಯಿತು. ಮೊದಲು ಗೊತ್ತಾದದ್ದು ಹುಳದ ಮನೆಯಿಂದಲೇ. ಅತ್ತೆಗೆ ಆ ಸದ್ದೇ ಗಡಿಯಾರ. ಅಡಿಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದವಳು ತಟ್ಟನೆ ಕೋಲು ನಿಲ್ಲಿಸಿ, "ಸೊಪ್ಪು ಮುಗೀತು," ಎಂದು ಎದ್ದು ಹೋಗುತ್ತಿದ್ದಳು. ಈಗ ಹತ್ತು ನಿಮಿಷಕ್ಕೊಮ್ಮೆ ಹೋಗಿ ತಟ್ಟೆ ಬಗ್ಗಿ ನೋಡತೊಡಗಿದಳು. ಕೊಳ್ಳೇಗಾಲದ ಡಾಕ್ಟರರು ಪರೀಕ್ಷೆ ಮಾಡಿ, ಕಿವಿಯ ನರ ಸೋತಿದೆ, ಇನ್ನೂ ಸೋಲುತ್ತದೆ ಎಂದರು. ಒಂದು ಮಿಷನ್ನು ಕೊಟ್ಟರು.

"ಇದುನ್ನ ಆಕಂಡ್ರೆ ಕುಕ್ಕರ್ ಕೇಳ್ತದೆ, ಬಸ್ಸಿನ ಆರನ್ ಕೇಳ್ತದೆ, ನಿಮ್ ಮಾವ ಆಡೋ ಇಂಗ್ಲಿಷೂ ಕೇಳ್ತದೆ," ಎಂದಳು ಅತ್ತೆ ನನಗೆ. "ಉಳದ್ ಸದ್ದೊಂದು ಬುಟ್ಟು ಮಿಕ್ಕುದ್ದೆಲ್ಲ ಕೇಳ್ತದೆ ಕಣಪ್ಪ." ನಕ್ಕಳು. ನನಗೆ ನಗಲು ಆಗಲಿಲ್ಲ.

ಮಾವ ಆ ವಾರ ನನ್ನ ಅಂಗಡಿಗೆ ಚೀಟಿ ಇಲ್ಲದೆ ಬಂದ. ಸ್ಟೂಲಿನ ಮೇಲೆ ಕೂತು ಸುಮಾರು ಹೊತ್ತು ಜೆರಾಕ್ಸ್ ಮಿಷನ್ನಿನ ಬೆಳಕು ಅತ್ತಿತ್ತ ಓಡುವುದನ್ನೇ ನೋಡಿದ.

"ಸದ್ದು ಓಗ್ಬುಟ್ರೂ ಎಸ್ರಿದ್ರೆ ಉಳ್ಕತದೆ ಕಣ್ಲಾ," ಎಂದ. "ನೆಪ್ಪಾದಾಗ ಆ ಎಸ್ರಿಡ್ದು ಕರೀಬೋದು. ಎಸ್ರೂ ಇಲ್ದೆ ಓಗ್ಬುಟ್ರೆ ಅವ್ಳು ಅದುನ್ನ ಏನಂತ ಕರೀತಾಳೆ? ಆ ಕಿತ್ತೋದ ಪುಟಗಳು ಎಲ್ಲಾದ್ರೂ ಸಿಕ್ಕಬೇಕು. ಅವ್ಳ್ ಕಿವಿ ಪೂರ್ತಿ ಓಗಕ್ ಮುಂಚೆ."

ಇಂಟರ್‌ನೆಟ್ಟಿನಲ್ಲಿ ಹುಡುಕೋಣ ಎಂದೆ. ಹುಡುಕಿದೆ ಕೂಡ. ಏನೂ ಸಿಗಲಿಲ್ಲ. ಸಿಕ್ಕಿದ್ದರೂ ಮಾವ ನಂಬುತ್ತಿರಲಿಲ್ಲ. ಅವನಿಗೆ ಬೇಕಾದದ್ದು ಆ ಪುಟಗಳು. ಕೊನೆಗೆ, ಹನೂರಿನಲ್ಲಿ ರಿಟೈರಾದ ಇಂಗ್ಲಿಷ್ ಹೆಡ್‌ಮಾಸ್ತರರೊಬ್ಬರ ಮನೆಯಲ್ಲಿ ಅದೇ ನಿಘಂಟಿನ ಪೂರ್ತಿ ಪ್ರತಿ ಇದೆಯೆಂದು ಅವನ ಹಳೆಯ ಡ್ರೈವರ್ ಗೆಳೆಯನಿಂದ ತಿಳಿಯಿತು. ಅಂಗಡಿಗೆ ಬೀಗ ಹಾಕಿ ನಾನೂ ಜೊತೆಗೆ ಹೊರಟೆ. ಮಾವ ಮದುವೆಗೆ ಹೊರಟವನ ಹಾಗೆ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡಿದ್ದ.

ಹೆಡ್‌ಮಾಸ್ತರರು ಗಡಿಯಂಚಿನವರು, ಮಾತಿನಲ್ಲಿ ತಮಿಳು ಇಣುಕುತ್ತಿತ್ತು. "ವಾಂಗ ವಾಂಗ," ಎಂದು ಬರಮಾಡಿಕೊಂಡು, ಪ್ಲಾಸ್ಟಿಕ್ ಸುತ್ತಿಟ್ಟಿದ್ದ ಪುಸ್ತಕವನ್ನು ಟೀಪಾಯಿಯ ಮೇಲೆ ಇಳಿಸಿದರು. ಮಾವ ಚಪ್ಪಲಿ ಬಿಟ್ಟು, ಕೈ ತೊಳೆದುಕೊಂಡು ಬಂದು ಕೂತ. ಎಸ್ ಅಕ್ಷರ ತೆರೆಯಿತು. ಮೂವತ್ತು ವರ್ಷದ ಹಿಂದೆ ಮರಿಹುಳಗಳ ಕೆಳಗೆ ಹೋದ ಪುಟಗಳು ಒಂದೂ ಮಾಸದೆ ಅಲ್ಲಿದ್ದವು. ಮಾವ ಓದಿದ, ಹೆಡ್‌ಮಾಸ್ತರರು ಅರ್ಥ ಹೇಳಿದರು, ನಾನು ಪುಟ ತಿರುಗಿಸಿದೆ. ಸಿಲ್ಕ್ ಇತ್ತು. ಸಿಲ್ಕ್‌ವರ್ಮ್ ಇತ್ತು. ನಿಟ್ಟುಸಿರಿಗೆ ಇತ್ತು, ಗೊರಕೆಗೆ ಇತ್ತು, ಸೀನಿಗೂ ಇತ್ತು. ಮಧ್ಯಾಹ್ನದ ಹೊತ್ತಿಗೆ ಹೆಡ್‌ಮಾಸ್ತರರು ಉತ್ಸಾಹದಿಂದ ಒಂದು ಪದಕ್ಕೆ ಬೆರಳಿಟ್ಟರು. 'ಸೌ'. ಮರಗಳಲ್ಲಿ ಗಾಳಿ ಸುಳಿಯುವ ಸದ್ದು.

ಮಾವ ತಲೆ ಅಲ್ಲಾಡಿಸಿದ. "ಇಲ್ಲ ಸಾ, ಇದು ಗಾಳೀದು. ನಮ್ದು ಬಾಯೀದು."

ಕೊನೆಯ ಪುಟವೂ ಮುಗಿಯಿತು. ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. "ಈ ಪುಸ್ತಕ ಬರೆದವರ ಮನೆಯಲ್ಲಿ ರೇಷ್ಮೆ ಬಟ್ಟೆ ಇತ್ತು ಸ್ವಾಮಿ," ಎಂದರು ಮೆಲ್ಲಗೆ. "ಹುಳ ಇರಲಿಲ್ಲ."

ವಾಪಸು ಬರುವಾಗ ಮಾವ ಬಸ್ಸಿನ ಹಿಂದಿನ ಸೀಟಿನಲ್ಲೇ ಹೋಗಿ ಕೂತ. ಕಿಟಕಿಯಾಚೆ ಜೋಳದ ಹೊಲಗಳು, ಬೆಟ್ಟದ ಸಾಲು ಹಿಂದಕ್ಕೆ ತೇಲಿಹೋಗುತ್ತಿದ್ದವು. ಸುಮಾರು ದೂರ ಬಂದ ಮೇಲೆ, "ಇವತ್ತಿನ್ಗಂಟ ಕಿತ್ತೋದ ಪುಟ ಅನ್ನದೊಂದಿತ್ತು ಕಣ್ಲಾ," ಎಂದ. "ಇನ್ ಅದೂ ಇಲ್ಲ. ಅವ್ಳಿಗೆ ಎಂಗ್ ಏಳ್ಳಿ?"

ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಮಿಷನ್ನು ಕಿವಿಯಲ್ಲಿತ್ತು. ಮಾವ ಚಪ್ಪಲಿ ಬಿಡುತ್ತ, ನೆಲ ನೋಡುತ್ತ, "ಇರ್ನಿಲ್ಲ," ಎಂದ.

"ಎಲ್ಲಿ ಇರ್ನಿಲ್ಲ? ನಾ ಆಸಿದ್ ಪುಟದಲ್ಲಾ?"

"ಊಂ."

"ಸರ್ಯಾಗ್ ನೋಡುದ್ರಾ?"

"ಒಂದೊಂದ್ ಸಾಲೂ."

ಅತ್ತೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಅಪ್ಪಾ ಮಾದಪ್ಪಾ!" ಎಂದು ಎರಡೂ ಕೈ ಎತ್ತಿ ಮುಗಿದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು, ಮುಖ ಮಾತ್ರ ನಗುತ್ತಿತ್ತು. "ಮೂವತ್ ವರ್ಸ ನಾನೇ ಆಳ್ ಮಾಡ್ದೆ ಅನ್ಕಂಡಿದ್ನಲ್ರೀ! ಈ ಮನುಸ ಇಷ್ಟ್ ಉಡುಕ್ತಾವ್ನೆ, ನಾನು ಉಳದ್ ಪಿಚ್ಕೆ ಕೆಳ್ಗೆ ಆಕ್ಬುಟ್ನಲ್ಲ ಅಂತ... ಬುಡಿ, ಇರ್ನಿಲ್ವಲ್ಲ, ಸಾಕು!"

ಮಾವ ದಂಗಾಗಿ ನಿಂತ. "ನಾನು ತಮಾಸ್ಗೆ ಅಂತಿದ್ದೆ ಕಣಮ್ಮಿ," ಎಂದ. ಮತ್ತೆ, "ತಮಾಸ್ಗೆ," ಎಂದ. ಆಮೇಲೆ ಅವಳ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತ. ಚೀಟಿಗಳ ಎಲೆಗೆ ಪ್ರತಿ ವರ್ಷ ಒಂದು ಕಜ್ಜಾಯ ಯಾಕೆ ಹೆಚ್ಚು ಬೀಳುತ್ತಿತ್ತು ಎಂದು ನನಗೂ ಅವತ್ತೇ ತಿಳಿದದ್ದು. ಮೂವತ್ತು ವರ್ಷ ನಗುತ್ತಿದ್ದ ನಮ್ಮೆಲ್ಲರ ಮೇಲೆ ನನಗೆ ಸಿಟ್ಟು ಬಂತು.

ಅದಾದ ವಾರಕ್ಕೆ ಹಿರಿಯರ ಹಬ್ಬ. ಎಲೆಗಳು ಬಿದ್ದವು, ಬಡಿಸಿದ್ದಾಯಿತು. ಮಾವ ಚೀಟಿಗಳನ್ನೆಲ್ಲ ಓದಿ ಮುಗಿಸಿದ ಮೇಲೆ ಅತ್ತೆ ಒಂದು ಖಾಲಿ ಚೀಟಿ ಕೇಳಿ ಇಸಿದುಕೊಂಡಳು. ಅದನ್ನು ಸಾಲಿನ ಕೊನೆಯ ಎಲೆಯ ಮೇಲೆ ಇಟ್ಟಳು. "ಎಸ್ರಿಲ್ದೋರ್ಗೂ ಒಂದ್ ಎಲೆ ಆಕ್ತೀವಲ್ಲ, ಅಲ್ಲಿರ್ಲಿ," ಎಂದಳು. ಒಂದು ಕಜ್ಜಾಯವನ್ನೂ ಇಟ್ಟಳು. ಬಾಗಿಲು ಮುಚ್ಚಿದೆವು. ಇನ್ನು ಯಾರೂ ಮಾತಾಡುವಂತಿಲ್ಲ.

ಹುಳಗಳಿಗೆ ಮಾತ್ರ ಹಬ್ಬವಿಲ್ಲ. ನಾಲ್ಕನೆಯ ಜ್ವರ ಬಿಟ್ಟು ಎದ್ದಿದ್ದವು, ಮೇವಿನ ಹೊತ್ತಾಗಿತ್ತು. ಅತ್ತೆ ಮಾವ ಇಬ್ಬರೂ ಕೈಕಾಲು ತೊಳೆದು ಹುಳದ ಮನೆಗೆ ಹೋದರು. ಹೊರಗಿನಿಂದ ಬಂದವರು ಒಳಗೆ ಕಾಲಿಡಬಾರದು, ಹುಳಕ್ಕೆ ರೋಗ ಬರುತ್ತದೆ. ನಾನು ಹೊಸ್ತಿಲಾಚೆ, ಚಿಕ್ಕಂದಿನಲ್ಲಿ ಒರಗುತ್ತಿದ್ದ ಕಡೆಯೇ ನಿಂತೆ. ಇಬ್ಬರೂ ತಟ್ಟೆಗಳ ಮೇಲೆ ಸೊಪ್ಪು ಹರಡಿದರು. ಅತ್ತೆ ಕಿವಿಯ ಮಿಷನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೊರಗೆ ಮಧ್ಯಾಹ್ನದ ಬಿಸಿಲಿತ್ತು. ಒಳಗೆ ಒಂದು ಮೂಲೆಯಲ್ಲಿ ಹನಿಯಲು ಶುರುವಾಯಿತು.

ಅತ್ತೆ ಎಡಗೈಯನ್ನು ಮಾವನ ಮುಂದೆ ಚಾಚಿದಳು, ಎಲೆಅಡಿಕೆ ಕೇಳುವವರ ಹಾಗೆ. ಮಾವ ಅದನ್ನು ತನ್ನ ಅಂಗೈ ಮೇಲೆ ಇಟ್ಟುಕೊಂಡು, ಬಲಗೈ ಬೆರಳುಗಳಿಂದ ಅದರ ಮೇಲೆ ಮೆಲ್ಲಗೆ ತಟ್ಟತೊಡಗಿದ. ಮೊದಲು ಒಂದೊಂದು ಬೆರಳು, ಬಿಟ್ಟು ಬಿಟ್ಟು. ಆಮೇಲೆ ಎರಡು, ಮೂರು, ಐದೂ. ಕೋಣೆಯಲ್ಲಿ ಸದ್ದು ಹೇಗೆ ಏರುತ್ತಿತ್ತೋ ಹಾಗೆಯೇ ಅವನ ಬೆರಳುಗಳೂ ಏರಿದವು. ಅತ್ತೆ ಕಣ್ಣು ಮುಚ್ಚಿದಳು.

ಸ್ವಲ್ಪ ಹೊತ್ತಿನ ಮೇಲೆ, ಮಾತಾಡಬಾರದೆಂಬುದನ್ನು ಮರೆತು, "ಆ ಕಡೇ ತಟ್ಟೇಲಿ ಇನ್ನೂ ಸುರು ಮಾಡಿಲ್ಲ, ಅಲ್ವಾ?" ಎಂದಳು.

ನಾನು ಕಿವಿಗೊಟ್ಟು ಕೇಳಿದೆ. ನಿಜ, ಎಲ್ಲಕ್ಕಿಂತ ತಡವಾಗಿ ಸೊಪ್ಪು ಬಿದ್ದ ಕಡೆಯ ತಟ್ಟೆ ಇನ್ನೂ ಸುಮ್ಮನಿತ್ತು. ಮಾವನೂ ಕೇಳಿಸಿಕೊಂಡ. ಹೌದೆಂದು ತಲೆ ಆಡಿಸಿದ. ಅವಳ ಕಣ್ಣು ಮುಚ್ಚಿದೆಯೆಂದು ನೆನಪಾಗಿ, ಒಂದು ಬೆರಳನ್ನು ಎತ್ತಿ ಹಿಡಿದು ನಾಲ್ಕರಲ್ಲೇ ತಟ್ಟಿದ. ಕಡೆಯ ತಟ್ಟೆಯ ಹುಳಗಳು ಸೊಪ್ಪಿಗೆ ಬಾಯಿ ಹಾಕಿದಾಗ ಆ ಬೆರಳನ್ನೂ ಇಳಿಸಿದ. ಅತ್ತೆ ನಕ್ಕಳು.

ನಾನು ಹೊಸ್ತಿಲಾಚೆ ನಿಂತೇ ಇದ್ದೆ. ಹೋಗಬೇಕಿತ್ತು, ಹೋಗಲಾಗಲಿಲ್ಲ. ಮಾವ ಒಮ್ಮೆ ತಲೆ ಎತ್ತಿ ನನ್ನ ಕಡೆ ನೋಡಿದ. 'ಲೇ, ಗ್ರೋಕ್ ಮಾಡಬ್ಯಾಡ' ಎನ್ನುತ್ತಾನೆಂದುಕೊಂಡೆ. ಅವನು ತಟ್ಟುತ್ತಲೇ ಇದ್ದ.